ಎದುರು ಕಂಬದ ತನಕ

ಮಾರ್ಚ್ 3

ಇವರು ಇವತ್ತು ವಾಕರ್ ಹಿಡಿದು ವಾರ್ಡಿನ ಬಾಗಿಲ ತನಕ ನಡೆದರಂತೆ. ಹೇಳಿದವಳು ಫಿಸಿಯೋ ಹುಡುಗಿ. ನಾನು ಔಷಧಿ ತರಲು ಕೆಳಗೆ ಹೋಗಿದ್ದೆ, ನೋಡಲಿಲ್ಲ.

ನೋಡಿದ್ದರೆ ಬಿಡುತ್ತಿರಲಿಲ್ಲ. ಸೊಂಟದ ಮೂಳೆ ಮುರಿದು, ಸ್ಟೀಲಿನ ಕೀಲು ಕೂರಿಸಿ, ಇನ್ನೂ ಹೊಲಿಗೆ ಬಿಚ್ಚಿಲ್ಲ. ವಯಸ್ಸು ಎಪ್ಪತ್ತಾರು. ನಮ್ಮ ಕಾಲದಲ್ಲಿ ಇಂಥ ರೋಗಿಯನ್ನು ಮಗ್ಗುಲಾಗಿಸುವುದಕ್ಕೂ ಇಬ್ಬರು ನರ್ಸುಗಳು ಬೇಕಿತ್ತು. ನಾನು ಮೂಳೆ ವಾರ್ಡಿನ ಹೆಡ್ ನರ್ಸ್ ಆಗಿದ್ದ ಅಷ್ಟೂ ವರ್ಷ ಒಬ್ಬ ರೋಗಿಯೂ ಕೆಳಗೆ ಬೀಳಲಿಲ್ಲ. ಬಿದ್ದರೆ ಮೇಲಿನವರಿಗೆ ವರದಿ ಹೋಗುತ್ತಿತ್ತು: ಯಾರ ಪಾಳಿ, ಯಾರ ಕಣ್ಣು ತಪ್ಪಿತು, ಯಾಕೆ ತಪ್ಪಿತು. ಮಲಗಿದ ರೋಗಿಯ ಬಗ್ಗೆ ಯಾರೂ ವರದಿ ಕೇಳುವುದಿಲ್ಲ.

ಇವರಿಗೆ ಮಾತ್ರ ಖುಷಿಯೋ ಖುಷಿ. "ಬಾಗಿಲ ತನಕ ಹೋದೆ ಕಣೆ. ಹಂಗೇ ಹೊರಗೆ ಹೋಗ್ಬಿಡೋಣ ಅಂದ್ರೆ ಆ ಹುಡುಗಿ ಬಿಡ್ಲಿಲ್ಲ" ಅಂದರು. ಕೆಲಸದಲ್ಲಿದ್ದಷ್ಟು ದಿನ ವಿದ್ಯುತ್ ಕಂಬ ಹತ್ತಿ ಇಳಿದ ಲೈನ್‌ಮನ್ ಇವರು. ಅಷ್ಟೆತ್ತರದಿಂದ ಒಮ್ಮೆಯೂ ಬೀಳದವರು ಸ್ನಾನದ ಕೋಣೆಯ ಹೊಸ್ತಿಲಲ್ಲಿ ಬಿದ್ದರು. ನೋಡಲು ಬಂದವರಿಗೆಲ್ಲ ಇದನ್ನೇ ತಮಾಷೆ ಮಾಡಿ ಹೇಳುತ್ತಾರೆ. ನನಗೆ ನಗು ಬರುವುದಿಲ್ಲ. ಇವರು ಬಿದ್ದಾಗ ನಾನು ಮನೆಯಲ್ಲೇ ಇದ್ದೆ, ಅಡುಗೆಮನೆಯಲ್ಲಿ.

ಮಾರ್ಚ್ 7

ಮನೆಗೆ ಬಂದೆವು. ನಮ್ಮದು ಮೊದಲನೇ ಮಹಡಿ. ಕೆಳಗೆ ದರ್ಜಿಯಣ್ಣನ ಅಂಗಡಿ. ಫಿಸಿಯೋ ಹುಡುಗಿ ಆಸ್ಪತ್ರೆಯಲ್ಲೇ ಇವರಿಗೆ ಮೆಟ್ಟಿಲು ಹತ್ತುವುದನ್ನು ಹೇಳಿಕೊಟ್ಟಿದ್ದಳು. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಇವರು ಕಾರಿನಿಂದಿಳಿದು ಮೆಟ್ಟಿಲ ಕಟಕಟೆಗೆ ಕೈ ಹಾಕಿದರು.

"ಹತ್ತಿ ನೋಡ್ತೀನಿ ಕಣೆ."

"ಏನೂ ಬೇಡ. ಕುರ್ಚಿ ತರ್ಸಿದೀನಿ."

"ಕಂಬ ಹತ್ತಿದೋನು ಮೆಟ್ಟಿಲು ಹತ್ತಲ್ವೇನೆ?"

"ಕಂಬ ಹತ್ತಿದ್ದು ಬೇರೆ ಮನುಷ್ಯ. ಕೂತ್ಕೊಳ್ಳಿ."

ದರ್ಜಿಯಣ್ಣ ಮತ್ತು ಕಾರಿನ ಡ್ರೈವರ್ ಕುರ್ಚಿ ಸಮೇತ ಎತ್ತಿ ತಂದರು. ದಾರಿಯುದ್ದಕ್ಕೂ ದರ್ಜಿಯಣ್ಣನ ಬಾಯಿ ನಿಲ್ಲಲಿಲ್ಲ: "ಲೇ ಕರೆಂಟು, ಮದುವೆ ದಿನಾನೂ ನಿನ್ನ ಇಷ್ಟು ಮರ್ಯಾದೆಯಿಂದ ಹೊತ್ತಿರ್ಲಿಲ್ಲ ಕಣೋ." ಇವರು ಅವನನ್ನು ಕತ್ತರಿ ಅನ್ನುತ್ತಾರೆ, ಅವನು ಇವರನ್ನು ಕರೆಂಟು ಅನ್ನುತ್ತಾನೆ. ಇಬ್ಬರೂ ಒಂದೇ ವಯಸ್ಸಿನವರು.

ಹಿಂದೆ ಹತ್ತುತ್ತಿದ್ದ ನಾನು ತಿರುವಿನಲ್ಲಿ ನಿಂತು ಉಸಿರು ಸುಧಾರಿಸಿಕೊಳ್ಳಬೇಕಾಯಿತು. ಮೊಣಕಾಲು ಕಿತ್ತು ಬರುವ ಹಾಗಿತ್ತು. ನನಗೂ ಎಪ್ಪತ್ತು ದಾಟಿತು. ಇಬ್ಬರು ಮುದುಕರಲ್ಲಿ ಗಟ್ಟಿಯಾಗಿರುವವಳು ನಾನು ಅಂದರೆ ನಮ್ಮ ಮನೆಯ ಪರಿಸ್ಥಿತಿ ಏನೆಂದು ಲೆಕ್ಕ ಹಾಕಬಹುದು.

ಮಾರ್ಚ್ 9

ಫಿಸಿಯೋ ಹುಡುಗಿ ಮನೆಗೆ ಬಂದಳು. ಇನ್ನು ವಾರಕ್ಕೊಮ್ಮೆ ಬರುತ್ತಾಳೆ, ನಡುವಿನ ದಿನಗಳಲ್ಲಿ ವ್ಯಾಯಾಮ ನಾವೇ ಮಾಡಿಸಬೇಕು. ಮೊದಲು ಕೇಳಿದ್ದು: "ಅಜ್ಜ, ನೀವು ಎಲ್ಲಿ ತನಕ ನಡೀಬೇಕು ಅಂತಿದೀರಿ?"

ಇವರು ಕಿಟಕಿಯಿಂದ ರಸ್ತೆಯ ಆಚೆ ಬದಿ ತೋರಿಸಿದರು. "ಅಲ್ಲಿ, ಆ ಕಂಬದ ತನಕ. ಅದನ್ನ ನೆಟ್ಟೋನು ನಾನು. ಒಂದ್ಸಲ ಹೋಗಿ ಕೈಯಿಟ್ಟು ಬರ್ತೀನಿ."

"ಸರಿ, ಆ ಕಂಬ ಮುಟ್ಟಿಸೋದು ನನ್ನ ಜವಾಬ್ದಾರಿ" ಅಂದಳು. ಇಂಥ ಮಾತು ಆಡಲು ನಮಗೆ ಯಾರೂ ಕಲಿಸಿರಲಿಲ್ಲ. ರೋಗಿಗೆ ಆಸೆ ಹುಟ್ಟಿಸಬಾರದು ಅನ್ನುವುದೇ ನಮ್ಮ ಪಾಠ.

ಕುರ್ಚಿಯಿಂದ ಏಳುವುದು, ಕೂರುವುದು. ಅಡುಗೆಕಟ್ಟೆ ಹಿಡಿದು ಕಾಲನ್ನು ಪಕ್ಕಕ್ಕೆ ಎತ್ತುವುದು. ಹಿಮ್ಮಡಿ ಎತ್ತಿ ಇಳಿಸುವುದು. ಇವರ ಹಣೆಯ ಮೇಲೆ ಬೆವರು ನಿಂತಿತು, ತುಟಿ ಬಿಳಚಿಕೊಂಡಿತು. ನಾನು ಸಾಕು ಅಂದೆ. ಹುಡುಗಿ, "ಬೆವರು ಬರ್ಲಿ ಅಮ್ಮಾ, ಬೆವರಿಗೆ ಹೆದರ್ಬೇಡಿ" ಅಂದಳು. ಅವಳು ಹೋದ ಮೇಲೆ ಇವರು ನೋವಿನಿಂದ ಮಧ್ಯಾಹ್ನವಿಡೀ ಕಣ್ಣು ಮುಚ್ಚಲಿಲ್ಲ. ಅದನ್ನು ನೋಡಲು ಅವಳು ಇರಲಿಲ್ಲ, ನಾನಿದ್ದೆ.

ಈ ವಯಸ್ಸಿನ ದೇಹದಲ್ಲಿ ಉಳಿದಿರುವುದೇ ಇಷ್ಟು. ಅದನ್ನು ಜೋಪಾನ ಮಾಡಬೇಕೋ, ಹಿಂಡಿ ತೆಗೆಯಬೇಕೋ?

ಮಾರ್ಚ್ 14

ಬೀರುವಿನಿಂದ ನನ್ನ ಹಳೆಯ ಬಿಳಿ ಕೋಟು ತೆಗೆದೆ. ಬೆಳಿಗ್ಗೆ ಮೈ ಒರೆಸುವಾಗ ಬಟ್ಟೆಯೆಲ್ಲ ಒದ್ದೆಯಾಗುತ್ತದೆ, ಅದಕ್ಕೆ. ಬಿಗಿಯಾಗಿ ಗುಂಡಿ ಹಾಕಲು ಬರಲಿಲ್ಲ, ಹಾಗೇ ಬಿಟ್ಟುಕೊಂಡು ತೊಟ್ಟೆ. ಇವರು ನೋಡಿ, "ಓಹೋ, ಸಿಸ್ಟರ್ ಬಂದ್ರು! ಸಿಸ್ಟರ್, ನನಗೆ ಇಂಜೆಕ್ಷನ್ ಬೇಡ" ಅಂದರು. ಬಹಳ ದಿನದ ಮೇಲೆ ಇಬ್ಬರೂ ನಕ್ಕೆವು.

ಮಾಡುವ ಕೆಲಸ ಮರೆತಿಲ್ಲ ಎಂದು ಗೊತ್ತಾಯಿತು. ರೋಗಿಯ ಕೆಳಗಿನ ಹಾಸಿಗೆ ಬಟ್ಟೆಯನ್ನು ಅವರನ್ನು ಏಳಿಸದೆ ಬದಲಿಸುವುದು, ಒಂದು ಸುಕ್ಕೂ ಇಲ್ಲದೆ. ಮೂಲೆ ಮಡಿಸುವುದು. ಬೆನ್ನಿಗೆ ದಿಂಬು, ಮೊಣಕಾಲಡಿಗೆ ದಿಂಬು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಸುರುಳಿ ಸುತ್ತಿದ ಟವೆಲು. ಇವತ್ತು ಇವರ ಕಾಲು ನೆಲಕ್ಕೆ ತಾಗಲು ಬಿಡಲಿಲ್ಲ. ಗಡ್ಡ ನಾನೇ ಹೆರೆದೆ, ಊಟ ನಾನೇ ಮಾಡಿಸಿದೆ. ಚಮಚಕ್ಕೆ ಕೈ ನೀಡಿದರು. "ಚೆಲ್ತೀರಿ, ಇರಿ" ಅಂದೆ.

ಸಂಜೆ ಇವರು ಸುಮ್ಮನೆ ಕೇಳಿದರು: "ನಿನ್ನ ವಾರ್ಡಿಂದ ಎಷ್ಟು ಜನ ನಡ್ಕೊಂಡು ಮನೆಗೆ ಹೋದ್ರು?"

"ನಡ್ಕೊಂಡು ಹೋಗೋ ನಿಯಮವೇ ಇರ್ಲಿಲ್ಲ. ಎಲ್ರನ್ನೂ ಗೇಟಿನ ತನಕ ವೀಲ್‌ಚೇರಲ್ಲೇ ಬಿಡ್ತಿದ್ವಿ."

"ಗೇಟಿಂದಾಚೆ?"

"ಗೇಟಿಂದಾಚೆ ನಮ್ಮ ಕೆಲಸ ಅಲ್ಲ."

ಮಾರ್ಚ್ 16

ಹುಡುಗಿ ಬಂದಳು. ವಾರದಲ್ಲಿ ವ್ಯಾಯಾಮ ಮಾಡಿಸಿದಿರಾ ಅಂತ ಕೇಳಿದಳು. ಮಾಡಿಸಿದೆ ಅಂದೆ. ಒಂದು ದಿನ ಮಾಡಿಸಿದ್ದೆ.

ಮಾರ್ಚ್ 22

ಮಗಳು ಫೋನ್ ಮಾಡಿದಳು. ಅಪ್ಪ ನಡೀತಿದಾರಾ ಅಂದಳು. ಬೆನ್ನು ಒಂದು ಕಡೆಯೂ ಕೆಂಪಾಗಿಲ್ಲ, ಹುಣ್ಣಿನ ಸುಳಿವೂ ಇಲ್ಲ ಅಂದೆ. "ನಾನು ಕೇಳಿದ್ದು ಅದಲ್ಲಮ್ಮ" ಅಂದಳು. ಬೇರೆ ಊರಿನಲ್ಲಿ ಶಾಲೆಯ ಮಕ್ಕಳಿಗೆ ಭೂಗೋಳ ಹೇಳಿಕೊಡುವವಳಿಗೆ ಹಾಸಿಗೆ ಹುಣ್ಣು ಅಂದರೆ ಏನು ಗೊತ್ತು? ಬೆನ್ನು ಕೊಳೆತು ಮೂಳೆ ಕಾಣುವುದನ್ನು ನಾನು ನೋಡಿದ್ದೇನೆ. ನನ್ನ ಕೈಯಲ್ಲಿ ಅದು ಆಗುವುದಿಲ್ಲ.

ಮಾರ್ಚ್ 27

ದರ್ಜಿಯಣ್ಣ ಅಂಗಡಿಗೆ ಮಧ್ಯಾಹ್ನದ ಬಿಡುವು ಕೊಟ್ಟು ಮೇಲೆ ಬಂದ. ಗ್ರಂಥಾಲಯದ ಹಿಂದಿನ ಹಾಲ್‌ನಲ್ಲಿ ವಯಸ್ಸಾದವರಿಗೆ ಬೆಳಗಿನ ವ್ಯಾಯಾಮ ಶುರುವಾಗಿದೆಯಂತೆ. ಕುರ್ಚಿಯ ಮೇಲೆ ಕೂತೇ ಮಾಡುವುದು. ಇವನು ಹೋಗುತ್ತಿದ್ದಾನೆ.

"ಮುದುಕರ ಡ್ರಿಲ್ಲು ಅತ್ತಿಗೆ. ಎದುರಿಗೊಬ್ಳು ಹಾಡು ಹಾಕಿ ಕೈ ಎತ್ತಿ ಅಂತಾಳೆ. ಅರ್ಧ ಜನಕ್ಕೆ ಎತ್ತಿದ ಕೈ ಇಳಿಸೋಕೆ ಬರಲ್ಲ, ಇನ್ನರ್ಧಕ್ಕೆ ಹಾಡೇ ಕೇಳ್ಸಲ್ಲ." ಕುರ್ಚಿ ಎಳೆದುಕೊಂಡು ಕೂತು ಮಾಡಿಯೂ ತೋರಿಸಿದ. ಕಾಲು ನೀಡಿದ, ಚಪ್ಪಾಳೆ ತಟ್ಟಿದ, ಎದ್ದ, ಕೂತ. ಹೊಲಿಗೆ ಯಂತ್ರದ ಮೇಲೆ ಬಗ್ಗಿ ಬಗ್ಗಿ ಗೂನಾದ ಬೆನ್ನು ಈಗ ಸ್ವಲ್ಪ ನೆಟ್ಟಗಾಗಿದೆ ಅಂದ. ನನಗೇನೂ ಹಾಗೆ ಕಾಣಲಿಲ್ಲ.

ಇವರು ಹಾಸಿಗೆಯ ಮೇಲೆ ಕೂತೇ ಕೈ ಎತ್ತಿದರು. ಒಂದು ಕೈ, ಆಮೇಲೆ ಇನ್ನೊಂದು. "ನೋಡೋ ಕತ್ತರಿ, ಕಂಬದ ಮೇಲೆ ತಂತಿ ಎಳ್ದಂಗೆ" ಅಂದರು.

"ಬಾರೋ ಹಂಗಾದ್ರೆ ನಾಳೆ. ನಾನು ಹಿಡ್ಕೊಂಡು ಹೋಗ್ತೀನಿ."

"ಬಿದ್ರೆ?" ಅಂದೆ ನಾನು.

"ಬಿದ್ರೆ ಎತ್ತೋಣ ಅತ್ತಿಗೆ. ನಾವೇನು ಗಾಜಿನ ಲೋಟನಾ?"

ಹೌದು, ಗಾಜಿನ ಲೋಟವೇ. ಈ ವಯಸ್ಸಿನ ಮೂಳೆ ಎಕ್ಸ್‌ರೇಯಲ್ಲಿ ಹೇಗೆ ಕಾಣುತ್ತದೆ ಅಂತ ಇವನಿಗೆ ತೋರಿಸಬೇಕು. ಮುದುಕರು ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದರೆ ಮಕ್ಕಳಾಗುತ್ತಾರೆಯೇ? ಮರ್ಯಾದೆಯಿಂದ ಮಲಗುವ ವಯಸ್ಸಿನಲ್ಲಿ ಯಾಕೆ ಈ ಸರ್ಕಸ್ಸು? ಹೀಗೇ ಅಂದುಬಿಟ್ಟೆ. ಇವರು ಎತ್ತಿದ್ದ ಕೈ ಇಳಿಸಿದರು.

ಹೋಗುವಾಗ ದರ್ಜಿಯಣ್ಣ ನನ್ನ ಕೋಟು ನೋಡಿ, "ಸೊಂಟದ ಹತ್ರ ಬಿಗಿ ಕಮ್ಮಿಯಾಗಿದೆ ಅತ್ತಿಗೆ. ಏನು, ವಯಸ್ಸು ಹಿಂದಕ್ಕೆ ಹೋಗ್ತಿದೆಯಾ ನಿಮಗೆ?" ಅಂದ. ಹೆಂಗಸರ ಸೊಂಟ ನೋಡುವುದು ಅವನ ಉದ್ಯೋಗ, ಬಿಡು.

ಮಾರ್ಚ್ 30

ಹುಡುಗಿ ಬಂದು ಹೋದಳು. ಎದ್ದು ನಿಲ್ಲಲು ಇವರಿಗೆ ಹೋದ ಸಲಕ್ಕಿಂತ ಕಷ್ಟವಾಯಿತು. ತೊಡೆ ಸಣ್ಣಗಾಗಿದೆ ಅಂದಳು, ನನ್ನನ್ನು ನೋಡಿ. ಊಟ ಕಡಿಮೆಯಾಗಿದೆ ಅಂದೆ. ಅದು ನಿಜ. ಅರ್ಧ ತಟ್ಟೆ ಬಿಡುತ್ತಾರೆ.

ಏಪ್ರಿಲ್ 4

ಮಾತ್ರೆ ಮುಗಿದಿತ್ತು. ಔಷಧಿ ಅಂಗಡಿಗೆ ಹೋಗಿ ಬರುವ ತನಕ ಪಕ್ಕದಲ್ಲಿ ಕೂತಿರು ಅಂತ ದರ್ಜಿಯಣ್ಣನಿಗೆ ಹೇಳಿ ಹೋದೆ. ಅಂಗಡಿಯಲ್ಲಿ ಜನವಿತ್ತು. ವಾಪಸು ಬರುವಾಗ ರಸ್ತೆಯಿಂದಲೇ ತಲೆ ಎತ್ತಿ ನೋಡಿದೆ. ನಮ್ಮ ಕಿಟಕಿಯಲ್ಲಿ ಇವರು ನಿಂತಿದ್ದರು. ನಿಂತಿದ್ದರು. ಒಂದು ಕೈ ಕಿಟಕಿಯ ಕಂಬಿಯ ಮೇಲೆ, ಇನ್ನೊಂದು ಕೈ ಎತ್ತಿ ನನಗೇ ಬೀಸುತ್ತಿದ್ದರು. ದರ್ಜಿಯಣ್ಣ ಹಿಂದೆ ನಿಂತು ಹಲ್ಲು ಕಿರಿಯುತ್ತಿದ್ದ.

ಮೆಟ್ಟಿಲು ಹೇಗೆ ಹತ್ತಿದೆನೋ ಗೊತ್ತಿಲ್ಲ. ಬಾಗಿಲು ತಳ್ಳಿ ಕೂಗಿದೆ. ವಾರ್ಡಿನಲ್ಲಿ ಕೂಗುತ್ತಿದ್ದ ದನಿ ಅದು, ಹೊಸ ನರ್ಸುಗಳು ಬೆಚ್ಚಿ ಟ್ರೇ ಬೀಳಿಸುತ್ತಿದ್ದ ದನಿ. ಇವರು ಬೆಚ್ಚಿ ತಿರುಗಿದರು. ಕಂಬಿಯಿಂದ ಕೈ ಬಿಟ್ಟಿತು. ದರ್ಜಿಯಣ್ಣ ಹಿಡಿದುಕೊಂಡ, ಆದರೂ ಮೊಣಕಾಲು ಮಡಿಸಿ ಇಬ್ಬರೂ ನೆಲಕ್ಕೆ ಕುಸಿದರು.

ನೆಲದಲ್ಲಿ ಕೂತೇ ಇವರು ನನ್ನ ಕಡೆ ನೋಡಿದರು. ನೋವಿನ ಮುಖ ನಾನು ಬಹಳ ನೋಡಿದ್ದೇನೆ. ಇದು ನೋವಲ್ಲ, ಹೆದರಿಕೆ.

"ಹಾಸಿಗೆಯಿಂದ ನಾನೇ ನಡ್ಕೊಂಡು ಬಂದೆ. ಇವನು ಮುಟ್ಲೂ ಇಲ್ಲ. ನಿನಗೆ ತೋರ್ಸೋಣ ಅಂತ..." ಅಂದರು.

ನಾನು ದರ್ಜಿಯಣ್ಣನಿಗೆ ಏನೇನು ಅಂದೆನೋ ಪೂರ್ತಿ ನೆನಪಿಲ್ಲ. "ಇನ್ಮೇಲೆ ಈ ಮೆಟ್ಟಿಲು ಹತ್ಬೇಡ" ಅಂದಿದ್ದು ನೆನಪಿದೆ. ಅವನು ಎದ್ದು, ಪ್ಯಾಂಟಿನ ಧೂಳು ಕೊಡವಿ, "ಅವನು ನಡೆದ ಅತ್ತಿಗೆ. ಬಿದ್ದಿದ್ದು ಆಮೇಲೆ" ಅಂದು ಇಳಿದು ಹೋದ.

ಏಪ್ರಿಲ್ 5

ಎಕ್ಸ್‌ರೇಯಲ್ಲಿ ಏನೂ ಇಲ್ಲ. ಕೀಲು ಇದ್ದ ಜಾಗದಲ್ಲೇ ಇದೆ. ಡಾಕ್ಟರ್ ನಡೆಸುತ್ತಾ ಇರಿ ಅಂದರು. ಬಿದ್ದದ್ದು ಅವರ ಮನೆಯಲ್ಲಲ್ಲವಲ್ಲ.

ಏಪ್ರಿಲ್ 12

ನಿಲ್ಲುವ ಮಾತೆತ್ತಿದರೆ ಇವರ ಕೈ ಹಾಸಿಗೆಯ ಅಂಚನ್ನು ಹಿಡಿದುಕೊಳ್ಳುತ್ತದೆ. ಬೆರಳು ಬಿಡಿಸಬೇಕಾಗುತ್ತದೆ. ನಾನೂ ಒತ್ತಾಯ ಮಾಡುತ್ತಿಲ್ಲ.

ಏಪ್ರಿಲ್ 20

ಇವತ್ತು ಹುಡುಗಿ ನನ್ನ ಮೇಲೆ ಪ್ರಯೋಗ ಮಾಡಿದಳು.

ಇವರನ್ನು ಹಾಸಿಗೆಯ ಅಂಚಿಗೆ ಕೂರಿಸಿ, ಎದುರಿಗೆ ವಾಕರ್ ಇಟ್ಟು, ನನ್ನನ್ನು ಕುರ್ಚಿಯ ಮೇಲೆ ಕೂರಿಸಿದಳು. "ಅಮ್ಮಾ, ಕೈ ಕಟ್ಕೊಂಡು ಕೂತ್ಕೊಳ್ಳಿ. ಅಜ್ಜ ಎಷ್ಟು ಹೊತ್ತು ತಗೊಂಡ್ರೂ ಸರಿ. ಬೀಳೋಕೆ ನಾನು ಬಿಡಲ್ಲ. ನೀವು ಎತ್ತಬಾರ್ದು, ಅಷ್ಟೇ."

"ಯಾಕೆ?"

"ನೀವು ಎತ್ತೋದು ಅಷ್ಟು ಚೆನ್ನಾಗಿದೆ. ಅವರ ಕಾಲಿಗೆ ಏನೂ ಕೆಲಸ ಉಳಿಯಲ್ಲ."

ಹೊಗಳಿದಳೋ ಬೈದಳೋ ಗೊತ್ತಾಗಲಿಲ್ಲ. ಕೈ ಕಟ್ಟಿ ಕೂತೆ.

ಇವರು ವಾಕರ್‌ಗೆ ಕೈ ಇಟ್ಟರು. ಮುಂದಕ್ಕೆ ಬಗ್ಗಿದರು. ಹಿಂದಕ್ಕೆ ಬಂದರು. ಮತ್ತೆ ಬಗ್ಗಿದರು. ಕುತ್ತಿಗೆಯ ನರ ಉಬ್ಬಿತು. ತೊಡೆ ಗಡಗಡ ನಡುಗುವುದು ಪೈಜಾಮದ ಮೇಲಿಂದಲೇ ಕಾಣುತ್ತಿತ್ತು. ಹಾಸಿಗೆಯಿಂದ ಒಂದು ಬೆರಳಷ್ಟು ಎತ್ತರಕ್ಕೆ ಎದ್ದರು, ಕೂತರು. ಹುಡುಗಿ, "ಇದೇ, ಇದೇ, ಇನ್ನೊಂದ್ಸಲ" ಅಂದಳು. ಇವರು ಅವಳನ್ನು ನೋಡಲಿಲ್ಲ. ನನ್ನನ್ನು ನೋಡಿದರು. ಕೆಳತುಟಿ ನಡುಗುತ್ತಿತ್ತು, ಅಳುವ ಮುಂಚಿನ ಮಗುವಿನ ಹಾಗೆ.

ಮದುವೆಯಾದಾಗಿನಿಂದ ಇವರು ಅತ್ತದ್ದನ್ನು ನಾನು ನೋಡಿಲ್ಲ. ಇವರ ಅಮ್ಮ ತೀರಿಕೊಂಡಾಗಲೂ ಇಲ್ಲ.

ಎದ್ದು ಹೋಗಿ ಎತ್ತಿದೆ. ಕಂಕುಳಲ್ಲಿ ಕೈ ಕೊಟ್ಟು, ನನ್ನ ಮೊಣಕಾಲನ್ನು ಇವರ ಮೊಣಕಾಲಿಗೆ ಕೊಟ್ಟು, ಒಂದೇ ಸಲಕ್ಕೆ. ಹೂವಿನ ಹಾಗೆ ಬಂದರು. ಎಷ್ಟು ಹಗುರವಾಗಿದ್ದಾರೆ.

ಹುಡುಗಿ ಚೀಲಕ್ಕೆ ಒಂದೊಂದೇ ಸಾಮಾನು ತುಂಬಿಕೊಂಡಳು.

ಏಪ್ರಿಲ್ 21

ನನ್ನಿಂದ ಆಗುವುದಿಲ್ಲ. ಬೇರೆ ಯಾರಿಂದಲಾದರೂ ಆಗುತ್ತಿತ್ತೇನೋ.

ಏಪ್ರಿಲ್ 29

ನನ್ನ ಬಿಪಿ ತಪಾಸಣೆಗೆ ಹೋಗಿದ್ದೆ. ಡಾಕ್ಟರ್ ಎರಡು ಸಲ ಪಟ್ಟಿ ಕಟ್ಟಿ ನೋಡಿ, ಮಾತ್ರೆ ಅರ್ಧ ಮಾಡಿದರು. "ಏನಮ್ಮಾ, ವಾಕಿಂಗ್ ಶುರು ಮಾಡಿದೀರಾ?" ಅಂದರು. ನನಗೆಲ್ಲಿ ವಾಕಿಂಗು, ಮನೆಯಲ್ಲಿ ರೋಗಿ ಇದ್ದಾರೆ ಅಂದೆ.

ಮೊಣಕಾಲಿನ ಎಣ್ಣೆ ಸೀಸೆ ಯಾವಾಗಿನಿಂದ ಮುಟ್ಟಿಲ್ಲವೋ, ಮುಚ್ಚಳ ಅಂಟಿಕೊಂಡಿತ್ತು. ಬಕೆಟು, ಬೆಡ್‌ಪ್ಯಾನು, ಒಗೆದ ಬಟ್ಟೆ ಹೊತ್ತು ತಾರಸಿಗೂ ಕೆಳಗೂ ದಿನವಿಡೀ ಓಡಾಡುತ್ತೇನೆ. ಮಲಗಿದರೆ ಕಲ್ಲಿನ ಹಾಗೆ ನಿದ್ದೆ. ಕೋಟಿನ ಗುಂಡಿ ಪೂರ್ತಿ ಹಾಕಲು ಬರುತ್ತದೆ.

ಇವರು ಮಾತ್ರ ದಿನದಿಂದ ದಿನಕ್ಕೆ ಹಾಸಿಗೆಯೊಳಗೆ ಇಳಿಯುತ್ತಿದ್ದಾರೆ. ಕೆನ್ನೆ ಒಳಗೆ ಹೋಗಿದೆ. ಮಣಿಕಟ್ಟು ನನ್ನ ಎರಡು ಬೆರಳಿಗೆ ಸಿಗುತ್ತದೆ. ಇಬ್ಬರಿಗೂ ಒಂದೇ ಅಡುಗೆ, ಒಂದೇ ಗಾಳಿ, ಒಂದೇ ಮನೆ. ವಯಸ್ಸು ಒಬ್ಬರನ್ನು ಹಿಡಿಯುತ್ತದೆ, ಪಕ್ಕದಲ್ಲಿದ್ದವರನ್ನು ಬಿಡುತ್ತದೆ. ಇದರಲ್ಲಿ ನ್ಯಾಯ ಹುಡುಕುವುದೇ ದಡ್ಡತನ. ನನ್ನ ಅರ್ಧ ಶಕ್ತಿ ತೆಗೆದು ಇವರಿಗೆ ಕೊಡಲು ಬರುವ ಹಾಗಿದ್ದರೆ ಇವತ್ತೇ ಕೊಡುತ್ತಿದ್ದೆ.

ಮೇ 2

ಹಗಲೂ ನಿದ್ದೆ. ಕರೆದರೆ ಮಾತ್ರ ಕಣ್ಣು ಬಿಡುತ್ತಾರೆ. ಟಿವಿ ಬೇಡ, ರೇಡಿಯೋ ಬೇಡ. ಕಿಟಕಿಯ ಪರದೆ ತೆಗೆಯಲಾ ಅಂದರೆ ನಿನ್ನಿಷ್ಟ ಅನ್ನುತ್ತಾರೆ. ಎಲ್ಲದಕ್ಕೂ ನಿನ್ನಿಷ್ಟ. ಜಗಳವಾಡುತ್ತಿದ್ದ ಮನುಷ್ಯ ಎಲ್ಲಿ ಹೋದ?

ಮೇ 8

ಮಗಳು ಬಂದಿದ್ದಳು, ಶಾಲೆಯ ಬೇಸಿಗೆ ತರಗತಿಗೆ ಒಂದು ದಿನ ರಜೆ ಹಾಕಿ. ಕೋಣೆಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತಳು. ಮೊದಲು ಅಪ್ಪನನ್ನು ನೋಡಿದಳು, ಆಮೇಲೆ ನನ್ನನ್ನು. "ಅಮ್ಮ, ನೀನು..." ಅಂದಳು, ಮುಗಿಸಲಿಲ್ಲ.

ಊಟದ ಹೊತ್ತಿಗೆ ನಾನು ತಟ್ಟೆ ಹಿಡಿದು ಕೂತಾಗ ತಡೆದಳು. "ಇರಮ್ಮ. ಅಪ್ಪ, ತಗೊಳ್ಳಿ, ನೀವೇ ತಿನ್ನಿ" ಅಂದು ಚಮಚವನ್ನು ಅವರ ಕೈಗೆ ಕೊಟ್ಟಳು. ಇವರು ಹಿಡಿದರು. ಸರಿಯಾಗಿಯೇ ಹಿಡಿದರು. ಆದರೆ ಬಾಯಿಗೆ ತರಲಿಲ್ಲ. ಚಮಚ ಹಿಡಿದುಕೊಂಡೇ ನನ್ನ ಮುಖ ನೋಡಿದರು.

"ಅಮ್ಮನ್ನ ಯಾಕೆ ನೋಡ್ತೀರಪ್ಪ? ತಿನ್ನಿ."

"ಸಿಸ್ಟರ್ ಬೈತಾರೆ" ಅಂದರು ಇವರು.

ತಮಾಷೆಗೆ ಹೇಳಿದ್ದು ಅಂತ ನಾನು ನಕ್ಕೆ. ಇವರು ನಗಲಿಲ್ಲ, ಮಗಳೂ ನಗಲಿಲ್ಲ. ಎದ್ದು ಅಡುಗೆಮನೆಗೆ ಹೋದಳು. ನಾನೂ ಹಿಂದೆ ಹೋದೆ.

"ಅಮ್ಮ, ಅಪ್ಪ ಮಗು ಅಲ್ಲ."

"ಮಗುವಾಗಿದ್ರೆ ಸುಲಭ ಇತ್ತು. ಮಗು ದಿನಾ ದೊಡ್ಡದಾಗುತ್ತೆ."

"ಒಂದು ತಿಂಗಳು ನನ್ನ ಮನೆಗೆ ಕಳ್ಸು. ನಾನು ವ್ಯಾಯಾಮ ಮಾಡಿಸ್ತೀನಿ."

"ನೀನು ಶಾಲೆಗೆ ಹೋದಾಗ ಇವರ ಬೆನ್ನು ಯಾರು ತಿರುಗಿಸ್ತಾರೆ? ಒಂದು ಹುಣ್ಣಾದ್ರೆ ನೀನು ಕ್ಷಮಿಸ್ಕೋತೀಯಾ ನಿನ್ನ?"

ಅವಳು ನಲ್ಲಿ ಬಿಟ್ಟುಕೊಂಡು ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು. ಆಮೇಲೆ ಕೇಳಿದಳು: "ಅಪ್ಪನ್ನೇ ಕೇಳೋಣ್ವಾ?"

ಕೇಳಿದೆವು. "ಇವಳಿಗೆ ಒಬ್ಬಳಿಗೇ ಬೇಜಾರಾಗುತ್ತೆ" ಅಂದರು.

ಮಗಳು ಸಂಜೆಯ ಬಸ್ಸಿಗೆ ಹೊರಟಳು. ಇಳಿದು ಹೋಗುವಾಗ ದರ್ಜಿಯಣ್ಣನ ಅಂಗಡಿಯಲ್ಲಿ ಸುಮಾರು ಹೊತ್ತು ನಿಂತಿದ್ದಳು. ಮೇಲಿಂದ ನೋಡಿದೆ. ಏನು ಮಾತಾಡಿದರೋ. ಅವನು ತಲೆ ಎತ್ತಲಿಲ್ಲ, ಯಂತ್ರ ತುಳಿಯುತ್ತಲೇ ಇದ್ದ.

ಮೇ 18

ಫಿಸಿಯೋ ಹುಡುಗಿಯದು ಇವತ್ತಿಗೆ ಕೊನೆ. ಸುಧಾರಣೆ ಕಾಣದ ರೋಗಿಗೆ ಆಸ್ಪತ್ರೆಯವರು ಮುಂದಕ್ಕೆ ಕಳಿಸುವುದಿಲ್ಲವಂತೆ. ಅದನ್ನು ಹೇಳುವಾಗ ಅವಳು ನನ್ನ ಕಡೆ ನೋಡಲಿಲ್ಲ, ಇವರ ಹತ್ತಿರ ಹಾಸಿಗೆಯ ಮೇಲೇ ಕೂತು ಕೈ ಹಿಡಿದುಕೊಂಡಳು.

"ಅಜ್ಜ, ಆ ಕಂಬದ ತನಕ ಹೋಗ್ಬೇಕು ಅಂದಿದ್ರಿ."

"ಅಂದಿದ್ನಾ?"

"ಕೈಯಿಟ್ಟು ಬರ್ತೀನಿ ಅಂದ್ರಿ."

ಇವರು ಕಿಟಕಿಯ ಕಡೆ ತಿರುಗಿದರು. ಪರದೆ ಹಾಕಿತ್ತು. "ಅದನ್ನ ಈಗ ಬೇರೆ ಯಾರೋ ನೋಡ್ಕೋತಾರಮ್ಮ. ನನಗೆ ವಯಸ್ಸಾಯ್ತು."

ಹುಡುಗಿ ಕೊನೆಯ ಸಲ ಅಂತ ಇವರ ಮೊಣಕಾಲು ಮಡಿಸಲು ನೋಡಿದಳು. ಅರ್ಧಕ್ಕಿಂತ ಹೆಚ್ಚು ಮಡಿಸಲು ಬರಲಿಲ್ಲ. ಕೀಲು ಬಿಗಿದಿದೆ. ಇದನ್ನು ನಾನು ಎಷ್ಟೋ ರೋಗಿಗಳಲ್ಲಿ ನೋಡಿದ್ದೇನೆ. ವಯಸ್ಸಾದವರಿಗೆ ಹೀಗಾಗುತ್ತದೆ ಅಂತಲೇ ನಮಗೆ ಹೇಳಿಕೊಟ್ಟಿದ್ದರು. ಅವಳಿಗೆ ಅದನ್ನೇ ಹೇಳಿದೆ.

"ಮಲಗಿಸಿದವರಿಗೆ ಆಗುತ್ತೆ ಅಮ್ಮಾ" ಅಂದಳು. ಕೋಪದಿಂದಲ್ಲ. ಹವಾಮಾನ ವರದಿ ಓದಿದ ಹಾಗೆ.

ಬಾಗಿಲ ತನಕ ಹೋಗಿ ಬಿಟ್ಟು ಬಂದೆ. ಮೆಟ್ಟಿಲಿಳಿಯುವ ಮುಂಚೆ ತಿರುಗಿ, "ನಿಮ್ಮ ಆರೋಗ್ಯ ನೋಡ್ಕೊಳ್ಳಿ" ಅಂದಳು. ಎಲ್ಲರೂ ಹೋಗುವಾಗ ಹೇಳುವ ಮಾತು.

ಮೇ 19

ಅಡುಗೆಮನೆಯಲ್ಲಿ ನಿಂತು ಅತ್ತೆ. ನಲ್ಲಿ ಬಿಟ್ಟಿದ್ದೆ, ಆದರೂ ಇವರಿಗೆ ಕೇಳಿಸಿತು ಅಂತ ಕಾಣುತ್ತದೆ. ಕರೆದರು. ಹೋದೆ.

"ಯಾಕೆ ಅಳ್ತೀಯ?"

"ಎಲ್ಲಾ ಮಾಡಿದೆ. ಏನು ಬಿಟ್ಟೆ ಹೇಳಿ? ಯಾವುದರಲ್ಲಿ ಕಮ್ಮಿ ಮಾಡಿದೆ?"

ಇವರು ನನ್ನ ಕೈ ತಡವಿದರು. ಇವರ ಅಂಗೈ ಹಿಂದೆ ಮರಳು ಕಾಗದದ ಹಾಗಿತ್ತು, ತಂತಿ ಎಳೆದು ಎಳೆದು. ಈಗ ಮೆತ್ತಗಾಗಿದೆ, ಹತ್ತಿಯ ಹಾಗೆ.

"ಏನೂ ಕಮ್ಮಿ ಮಾಡಿಲ್ಲ ಕಣೆ. ನೀನು ಚೆನ್ನಾಗೇ ನೋಡ್ಕೊಂಡೆ. ನಿನ್ನ ಹಂಗೆ ಯಾರು ನೋಡ್ಕೋತಾರೆ?"

ಇಷ್ಟು ದಿನದ ದುಡಿಮೆಗೆ ಇದೊಂದು ಮಾತು ಸಾಕು ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಅಳು ಇನ್ನೂ ಜೋರಾಯಿತು. ಯಾಕೆ ಎಂದು ತಿಳಿಯಲಿಲ್ಲ. ಇವರೇ ಸಮಾಧಾನ ಮಾಡಿದರು.

ಮೇ 23

ಬಾಡಿಗೆಗೆ ಆಸ್ಪತ್ರೆ ಮಂಚ ಕೊಡುವವರ ಹತ್ತಿರ ಮಾತಾಡಿದೆ. ಹಿಡಿ ತಿರುಗಿಸಿದರೆ ತಲೆಯ ಕಡೆ ಏಳುತ್ತದೆ. ಎರಡೂ ಬದಿಗೆ ಕಂಬಿ ಇರುವುದೇ ಬೇಕು ಅಂದೆ. ಕಂಬಿಯ ಚಿಲಕ ಒಳಗಡೆಯೋ ಹೊರಗಡೆಯೋ ಅಂತ ಅವರೇ ಕೇಳಿದರು. ಹೊರಗಡೆ ಅಂದೆ.

ಅದು ಕೋಣೆಯಲ್ಲಿ ಹಿಡಿಯಬೇಕಾದರೆ ನಮ್ಮ ದೊಡ್ಡ ಮಂಚ ಬಿಚ್ಚಬೇಕು. ಮದುವೆಯಾದ ವರ್ಷ ಮಾಡಿಸಿದ್ದು. ಇವರಿಗೆ ಹೇಳಿದೆ. ನಿನ್ನಿಷ್ಟ ಅಂದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು:

"ನೀನೆಲ್ಲಿ ಮಲಗ್ತೀಯ?"

"ಪಕ್ಕದಲ್ಲೇ ಕುರ್ಚಿ ಹಾಕ್ಕೋತೀನಿ. ಡ್ಯೂಟಿಯಲ್ಲಿರೋ ನರ್ಸು ಮಲಗ್ತಾಳಾ?"

ಇವರು ಹೌದು ಅನ್ನುವ ಹಾಗೆ ತಲೆ ಆಡಿಸಿದರು.

ಬಡಗಿ ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಹಳೆಯ ಮಂಚ ಬಿಚ್ಚಲು ಬರುತ್ತಾನೆ. ಹೊಸ ಮಂಚ ಹತ್ತಕ್ಕೆ ಬರುತ್ತದೆ.